ನಿಂತ ಮೇಲೂ ತಿರುಗುವ ಫ್ಯಾನು

ಬೆಳಕು ಹರಿಯುವ ಮುಂಚೆ ಶಾಂತಲಾ ನೀರಿನ ಸಂಪು ತುಂಬಿಸಿದ್ದಳು, ಬಾಗಿಲು ತೊಳೆದು ರಂಗೋಲಿ ಎಳೆದಿದ್ದಳು, ಎಪ್ಪತ್ತು ಜನಕ್ಕೆ ಪುಳಿಯೋಗರೆ ಕಲಸಿದ್ದಳು, ಅತ್ತೆಗೆ ಬಿಸಿನೀರು ಕಾಯಿಸಿದ್ದಳು, ಗಂಡನ ಶರ್ಟಿಗೆ ಇಸ್ತ್ರಿ ಹಾಕಿದ್ದಳು, ಡಬರಿಗಳನ್ನು ಕಾರಿಗೆ ಹೊತ್ತು ಗಾಜು ಒರೆಸಿದ್ದಳು. ಗಂಡ ಉಮೇಶ್ ಮಲಗಿದ್ದ. ಆ ಮನೆಯಲ್ಲಿ ಅವನ ಪಾಲಿಗಿದ್ದ ಕೆಲಸ ಒಂದೇ, ಗಾಡಿ ನೋಡಿಕೊಳ್ಳುವುದು. ಅದನ್ನೂ ಅವನು ಹೆಚ್ಚಾಗಿ ದೂರದಿಂದಲೇ ನೋಡುತ್ತಿದ್ದ.

ಹಿಂದಿನ ಸಂಜೆ ಮಾತ್ರ ಹತ್ತಿರ ಹೋಗಿದ್ದ. ಎಂಜಿನ್ ಆರಿಸಿದ ಮೇಲೂ ಬಾನೆಟ್ಟಿನೊಳಗೆ ಫ್ಯಾನು ತಿರುಗುತ್ತಲೇ ಇತ್ತು.

"ನೋಡೇ, ಬ್ಯಾಟ್ರಿ ತಿನ್ತಾ ಐತೆ! ಟಾರ್ಚ್ ಹಿಡಿ."

"ಎಂಜಿನ್ ಕಾದಿದೆ, ಅದಕ್ಕೇ ತಿರುಗ್ತಿದೆ ರೀ. ಆರಿದ್ಮೇಲೆ ತಾನೇ ನಿಲ್ಲುತ್ತೆ."

ಜಗಲಿಯಿಂದ ಅತ್ತೆ ಮುನಿವೆಂಕಟಮ್ಮ, "ಗಾಡಿ ವಿಸ್ಯ ಗಂಡಸ್ಗೆ ಬುಡವ್ವ" ಎಂದರು.

ಗಂಡಸು ಫ್ಯಾನಿನ ವೈರಿನ ಪ್ಲಗ್ಗು ಕಿತ್ತುಹಾಕಿ, ಬೆವರು ಒರೆಸಿಕೊಂಡು, ಕಾಫಿ ಕೇಳಿದ. ಮಿಕ್ಕವರು ಸುಮ್ಮನಾದ ಮೇಲೂ ಯಾರಾದರೂ ದುಡಿಯುತ್ತಿದ್ದರೆ ಅವನ ಕಣ್ಣಿಗೆ ಅದೊಂದು ರೋಗ. "ಬೆಳಿಗ್ಗೆ ನಾನೇ ಸಿಕ್ಕಿಸ್ಕೊಡ್ತೀನಿ" ಎಂದ. ಶಾಂತಲಾ ನಂಬಿದಳು. ಹನ್ನೊಂದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಬುದ್ಧಿ ಇರಬೇಕಿತ್ತು. ಬೆಳಿಗ್ಗೆ ಡಬರಿ ಹೊರುವ ಗಡಿಬಿಡಿಯಲ್ಲಿ ಅವಳಿಗೂ ಮರೆತುಹೋಯಿತು.

ಸೋಲದೇವನಹಳ್ಳಿಯ ಹಾಸ್ಟೆಲಿಗೆ ಎಂಟಕ್ಕೆ ತಿಂಡಿ ಮುಟ್ಟಬೇಕು. ಇನ್ನೊಂದು ಸಲ ತಡವಾದರೆ ಬೇರೆಯವರಿಗೆ ಹೇಳ್ತೀವಿ ಎಂದು ವಾರ್ಡನ್ ಖಡಾಖಂಡಿತವಾಗಿ ಹೇಳಿಯಾಗಿತ್ತು. ಬಾಗಲಗುಂಟೆ ದಾಟಿ ಕಾರು ಓಡುವಷ್ಟು ಹೊತ್ತು ಎದುರುಗಾಳಿಯೇ ರೇಡಿಯೇಟರಿನ ನೀರನ್ನು ತಣಿಸಿತು. ಹೆಸರಘಟ್ಟ ರಸ್ತೆಯ ಜಾಮಿನಲ್ಲಿ ಕಾರು ನಿಂತಿತು, ಗಾಳಿಯೂ ನಿಂತಿತು. ಅಂಥ ಹೊತ್ತಿಗೆಂದೇ ಇಟ್ಟಿದ್ದ ಫ್ಯಾನು ಅಲುಗಲಿಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು. ಶಾಂತಲಾ ಕಾರನ್ನು ಬದಿಗೆ ಒತ್ತಿ, ಎಂಜಿನ್ ಆರಿಸಿ, ಗಂಡನಿಗೆ ಫೋನ್ ಮಾಡಿದಳು.

"ಥೂ, ಅಷ್ಟೇನಾ? ರೇಡಿಯೇಟರ್ ಮುಚ್ಚಳ ಬಿಚ್ಚಿ ತಣ್ಣೀರ್ ಸುರಿ."

"ಕುದೀತಾ ಇದೆ ರೀ. ಆವಿ ಇಳಿಯೋಕ್ ಮುಂಚೆ ಕುಕ್ಕರ್ ಮುಚ್ಚಳ ಯಾರಾದ್ರೂ ತೆಗೀತಾರಾ? ಮುಖ ಬೆಂದೋಗುತ್ತೆ."

"ಅಡುಗೆಮನೆ ಬುದ್ಧಿ ಇಲ್ಲಿ ತರ್ಬೇಡ. ಹಂಗಾದ್ರೆ ಏನೂ ಮುಟ್ದೆ ಅಲ್ಲೇ ನಿಂತಿರು. ಸ್ನಾನ ಮುಗಿಸಿ ಸ್ಕೂಟ್ರಲ್ಲಿ ಬರ್ತೀನಿ. ತಿಂಡಿ ಎಲ್ಲಿಟ್ಟಿದ್ಯಾ?"

"ಒಲೆ ಪಕ್ಕ. ಮುಚ್ಚಿಟ್ಟಿದೀನಿ."

ಕಾಲು ಗಂಟೆ ಕಾದು ಬಾನೆಟ್ ಎತ್ತಿದಳು. ರೇಡಿಯೇಟರ್ ಪಕ್ಕದ ಬಿಳಿ ಡಬ್ಬಿಯಲ್ಲಿ ನೀರು ಗೆರೆಗಿಂತ ಕೆಳಗೆ ಇಳಿದಿರಲಿಲ್ಲ. ಪ್ಲಗ್ಗು ನೇತಾಡುತ್ತಿತ್ತು. ಟಾರ್ಚ್ ಹಿಡಿದವಳಿಗೆ ಅದರ ಜಾಗ ಗೊತ್ತಿರದೆ ಇರುತ್ತದೆಯೇ? ಮಸಿಬಟ್ಟೆಯಲ್ಲಿ ಹಿಡಿದು ಟಕ್ಕೆನ್ನುವವರೆಗೆ ಒತ್ತಿದಳು. ಕೀ ತಿರುಗಿಸಿದಾಗ ಫ್ಯಾನು ಗುರ್ರೆಂದಿತು, ಮುಳ್ಳು ಮೆಲ್ಲಗೆ ಇಳಿಯಿತು.

ಏಳು ನಲವತ್ತು. ಮುಂದಿನ ಬಸ್ಸು ಕದಲಿತು. ಅವನು ಬರುವವರೆಗೆ ನಿಂತರೆ ಹಾಸ್ಟೆಲ್ ಕೈತಪ್ಪುತ್ತದೆ. ಅದರ ಮೇಲೆ, ಗಾಡಿ ಉಳಿಸಿದ ತನ್ನ ಸಾಹಸವನ್ನು ಅವನು ಬೇಕರಿ ಮುಂದೆ ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಾನೆ. ಅವನು ಸೋಪು ತೊಳೆದುಕೊಳ್ಳುತ್ತಿರಬಹುದು. ತೊಳೆದುಕೊಳ್ಳಲಿ, ಹೊಟ್ಟೆ ತುಂಬ ತಿನ್ನಲಿ, ಬಂದು ಖಾಲಿ ರಸ್ತೆಬದಿಯನ್ನು ರಿಪೇರಿ ಮಾಡಲಿ.

ಶಾಂತಲಾ ಬಲಗಡೆ ಇಂಡಿಕೇಟರ್ ಹಾಕಿ ಸೋಲದೇವನಹಳ್ಳಿಯತ್ತ ಹೊರಟಳು. ಹೊರಟೆ ಎಂದು ಅವನಿಗೆ ಹೇಳಲು ಹೋಗಲಿಲ್ಲ.