ಗಾಂಜಾ ಓದಿದವಳ ಅಪ್ಪ

ಮಗಳು ರಾಯಚೂರಿನಲ್ಲಿ ಹತ್ತಿಯ ಮೇಲೆ ಸಂಶೋಧನೆ ಮಾಡುತ್ತಾಳೆ ಎಂದು ನನ್ನಪ್ಪ ಎರಡು ವರ್ಷ ಊರಿಗೆಲ್ಲ ಸುಳ್ಳು ಹೇಳಿದ್ದ. ನಾನು ನಮ್ಮೂರು ಕುರ್ಡಿಗೆ ಹೋದಾಗಲೆಲ್ಲ ಜನ ಹುಳ ತಿಂದ ಹತ್ತಿಕಾಯಿ ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದರು. ದೇವದುರ್ಗದಿಂದ ಅಕ್ಕನ ಮಾವ ಒಂದು ಚೀಲ ರೋಗದ ಎಲೆ ಕಳಿಸಿದ್ದರು. ನನಗೋ ಹತ್ತಿಯ ಗಂಧಗಾಳಿ ಗೊತ್ತಿಲ್ಲ! ಗಾಂಜಾದೊಳಗಿನ ರಾಸಾಯನಿಕಗಳು ಮೈಗೆ ಏನು ಮಾಡುತ್ತವೆಂದು ವಿಜ್ಞಾನಿಗಳು ಕಂಡುಕೊಂಡ ಚರಿತ್ರೆಯನ್ನು ನಾನು ಬರೆಯುತ್ತಿದ್ದೆ.

"ಯಪ್ಪಾ, ನಾ ಗಾಂಜಾ ಸೇದಾಕತ್ತಿಲ್ಲ, ಓದಾಕತ್ತೀನಿ!"

"ಮಂದೀಗಿ ಎರಡೂ ಒಂದವ್ವಾ. ಕುರಿ ಕಾಯೋ ಮನಿತನ ನಮ್ದು, ಇರೋದು ಮರ್ಯಾದಿ ಒಂದ. ಅದರ ಮ್ಯಾಲ ಮಣ್ಣು ಹಾಕಬ್ಯಾಡ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಒಮ್ಮೆ ನಾಲ್ಕು ಜನರೆದುರು ನನ್ನ ಓದಿನ ನಿಜ ಹೇಳಲಿ, ಡಾಕ್ಟರೇಟಿಗಿಂತ ನನಗೆ ಅದೇ ಬೇಕಾಗಿತ್ತು.

ಕೊನೆಯ ಮೌಖಿಕ ಪರೀಕ್ಷೆಯನ್ನು ಯಾರು ಬೇಕಾದರೂ ಕೂತು ಕೇಳಬಹುದಿತ್ತು. ಕಂಬಳಿ ಹೆಗಲಿಗೇರಿಸಿ ಅಪ್ಪ ಬಂದ. ಅವನ ಬೆನ್ನಿಗೆ ಹತ್ತಿ ಬೆಳೆಯುವ ಐದು ಮಂದಿ! ಅಪ್ಪನ ಮುಖ ಬೆವರುತ್ತಿತ್ತು. ಪರೀಕ್ಷಕರ ಅಪ್ಪಣೆ ಕೇಳಿ ನಾನು ಕನ್ನಡದಲ್ಲೇ ಶುರುಮಾಡಿದೆ.

ಅಮಲೇರಿಸುವ ಅಣುವಿನ ರಚನೆ ತಿಳಿಯುವಷ್ಟರಲ್ಲಿ ಇಪ್ಪತ್ತನೇ ಶತಮಾನ ಅರ್ಧ ದಾಟಿತ್ತು. ಅದು ಮಿದುಳಿನಲ್ಲಿ ಯಾವ ಬೀಗಕ್ಕೆ ಕೀಲಿಯಂತೆ ಹೋಗಿ ಕೂರುತ್ತದೆಂದು ಗೊತ್ತಾಗಲು ಮತ್ತೆರಡು ದಶಕಕ್ಕೂ ಹೆಚ್ಚು ಬೇಕಾಯಿತು. ಆಗ ದೊಡ್ಡ ಪ್ರಶ್ನೆ ಎದ್ದಿತು: ಗಾಂಜಾ ಕಣ್ಣಲ್ಲೂ ಕಾಣದವರ ತಲೆಯೊಳಗೆ ಆ ಬೀಗ ಯಾಕಿದೆ? ಹುಡುಕಿದರು. ಅದಕ್ಕೆ ಹೊಂದುವ ಕೀಲಿಯನ್ನು ನಮ್ಮ ಮೈಯೇ ತಯಾರಿಸುತ್ತದೆ! ನೋವು, ಹಸಿವು, ನೆನಪು ಎಲ್ಲದರಲ್ಲೂ ಅದರ ಕೈವಾಡವಿದೆ. ಕಂಡುಹಿಡಿದವರು ಅದಕ್ಕೆ ನಮ್ಮ 'ಆನಂದ' ಎಂಬ ಪದದಿಂದಲೇ ಹೆಸರು ಕಟ್ಟಿದರು.

ಮಾತು ಮುಗಿದದ್ದೇ ಐವರಲ್ಲಿ ಒಬ್ಬರು ಎದ್ದರು. "ತಂಗೀ, ಹತ್ತೀದು ಯಾವಾಗ ಹೇಳ್ತೀ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತ.

"ಹತ್ತಿ ಅಲ್ಲೋ ಮಾರಾಯಾ, ನಾ ಸುಳ್ಳು ಹೇಳಿದ್ದೆ. ನನ್ನ ಮಗಳು ಓದಿದ್ದು ಗಾಂಜಾ. ನಮ್ಮ ಮೈಯಾಗ ಏನೈತಂತ ಇಷ್ಟು ಚಂದ ಹೇಳಿದ್ಲು, ಇದಕ್ಕ ನಾಚಿದೆನಲ್ಲ, ನನ್ನ ಬುದ್ಧೀಗಿ ಏನಾಗಿತ್ತು!"

ಪರೀಕ್ಷಕರೇ ಮೊದಲು ಚಪ್ಪಾಳೆ ತಟ್ಟಿದರು. ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರ ಕೊಟ್ಟು ಡಾಕ್ಟರೇಟ್ ಗೆದ್ದವಳು ಅಪ್ಪನೆದುರು ಹೋಗಿ ನಿಂತು ಅತ್ತುಬಿಟ್ಟೆ.

ಸಂಜೆ ಊರಿಗೆ ಹೊರಟ ಮಾನ್ವಿ ಬಸ್ಸು ಕಲ್ಮಲ ದಾಟುತ್ತಿದ್ದಾಗ ಕಂಡಕ್ಟರ್ ಟಿಕೆಟ್ ಹರಿಯಲು ಬಂದ. ಅವನು ಕೇಳದಿದ್ದರೂ ಅಪ್ಪ ಗಟ್ಟಿಯಾಗಿ ಹೇಳಿದ: "ಈಕಿ ನನ್ನ ಮಗಳ್ರೀ. ಗಾಂಜಾದಾಗ ಡಾಕ್ಟರ್ ಆಗ್ಯಾಳ!"

ಇಡೀ ಬಸ್ಸು ತಿರುಗಿ ನೋಡಿತು. ನೋಡಲಿ ಎಂದು ನಾನೂ ತಲೆಯೆತ್ತಿ ಕೂತೆ.