ಲೋಟ ಹಿಡಿದ ಬೆರಳು

ಕಳಸದ ಹತ್ತಿರ ನಮಗೆ ಬಂಡೆ ಹತ್ತುವುದನ್ನು ಕಲಿಸುತ್ತಿದ್ದವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರಿಗೂ ಫ್ಲಾಸ್ಕಿನಿಂದ ಬಿಸಿ ಕಾಫಿ ಬಗ್ಗಿಸಿ ಕೊಡುತ್ತಿದ್ದರು. ಅದು ಉಪಚಾರವೆಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಅವರ ಕಣ್ಣು ಮಾತ್ರ ಸ್ಟೀಲ್ ಲೋಟ ಹಿಡಿದ ನಮ್ಮ ಬೆರಳುಗಳ ಮೇಲಿರುತ್ತಿತ್ತು. ಯಾವ ಬೆರಳು ಲೋಟಕ್ಕೆ ತಾಗದೆ ನಿಂತಿದೆಯೋ ಅದು ನೋಯುತ್ತಿದೆ ಎಂದು ಅವರ ಲೆಕ್ಕ.

“ಏನೂ ಆಗಿಲ್ಲ ಸರ್,” ಎಂದರೆ ಕೆರಳುತ್ತಿದ್ದರು.

“ಹಂಗಂದೋರನ್ನೇ ನಾನು ನಂಬಲ್ಲ ಮಾರಾಯ. ಚಳಿಗೆ ಮರಗಟ್ಟಿದ ಬೆರಳಲ್ಲೇ ಬಂಡೆಯ ಸಣ್ಣ ಅಂಚಿಗೆ ಜೋತುಬಿದ್ದಿರ್ತೀಯ. ಬೆರಳೊಳಗಿನ ನಾರು ಹರಿದಿರತ್ತೆ. ಮೇಲೆ ಟೇಪ್ ಸುತ್ಕೊಂಡು ಬಂದ್ರೆ ನಂಗೆ ಗೊತ್ತಾಗಲ್ವಾ?”

ಅಂಥವರಿಗೆ ಅವತ್ತು ಬಂಡೆ ಇಲ್ಲ. ಅಳು ಬಂದರೂ ಇಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರೇ ಮೊದಲು ಹತ್ತಿ, ನಮಗಾಗಿ ಮೇಲೆ ಹಗ್ಗ ಕಟ್ಟಬೇಕಿತ್ತು. ಕಾಫಿ ಕುಡಿಯುವಾಗ ಅವರ ಬಲಗೈಯ ಉಂಗುರ ಬೆರಳು ಲೋಟ ಬಿಟ್ಟು ನೆಟ್ಟಗೆ ನಿಂತಿತ್ತು.

“ಸರ್, ನಿಮ್ಮ ಬೆರಳು?” ಎಂದೆ.

ಅವರು ಥಟ್ಟನೆ ಲೋಟವನ್ನು ಎಡಗೈಗೆ ದಾಟಿಸಿದರು. “ಏನೂ ಆಗಿಲ್ಲ. ಹಗ್ಗ ಕೊಡು.”

ನಾನು ಹಗ್ಗದ ಚೀಲದ ಮೇಲೆ ಕೂತುಬಿಟ್ಟೆ.

“ಇನ್ನೊಂದು ಲೋಟ ಕಾಫಿ ತಗೊಳ್ಳಿ ಸರ್,” ಎಂದೆ. “ಬಲಗೈಯಲ್ಲಿ.”