ಕೆಂಚಣ್ಣನ ಬೆಳ್ಳಕ್ಕಿಗಳು

ಆವರಗೆರೆಯ ಲಾರಿ ಗ್ಯಾರೇಜುಗಳ ಸಾಲಿನಲ್ಲಿ ಕೆಂಚಣ್ಣ ಮೂವತ್ತು ವರ್ಷದಿಂದ ಇಂಜಿನ್ ಬಿಚ್ಚುತ್ತಿದ್ದಾನೆ. ಪಕ್ಕದಲ್ಲೇ ನನ್ನ ಪಂಕ್ಚರ್ ಅಂಗಡಿ. ಹಿಂದೆ ಒಂದು ಹಳ್ಳ. ಅದರ ದಂಡೆಯ ಜಾಲಿಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ, ಹಳ್ಳದಲ್ಲೇ ಮೀನು ಹಿಡಿಯುತ್ತವೆ. ಸುಟ್ಟ ಆಯಿಲ್, ಲಾರಿ ತೊಳೆದ ನೀರು ಎಲ್ಲವನ್ನೂ ನಾವು ಅದಕ್ಕೇ ಬಿಡುತ್ತಿದ್ದೆವು. ನಾಚಿಕೆ ಯಾರಿಗಿತ್ತು?

ಹೋದ ವರ್ಷ ಕೆಂಚಣ್ಣನಿಗೆ ಎಣ್ಣೆ ಮೆತ್ತಿದ ಬೆಳ್ಳಕ್ಕಿಯೊಂದು ಸಿಕ್ಕಿತು. ಮೆಕ್ಯಾನಿಕ್ಕು ತನ್ನ ಕೈಯ ಗ್ರೀಸು ತೆಗೆಯುವ ಹಾಗೇ ಅದನ್ನು ಡೀಸೆಲ್ಲಿನಲ್ಲಿ ತೊಳೆದ. ಹಕ್ಕಿ ಬೆಳ್ಳಗಾಯಿತು, ಸಂಜೆಯೊಳಗೆ ಸತ್ತಿತು. ಪಶು ಆಸ್ಪತ್ರೆಯ ರೂಪಶ್ರೀ ಮೇಡಂ, "ಡೀಸೆಲ್ ಅದ್ರ ಚರ್ಮನೇ ಸುಡ್ತೈತೆ ಅಣ್ಣ. ಎದೆಗೆ ಹತ್ತಿದ ಎಣ್ಣೆ ಮೊಟ್ಟೆಗೆ ತಾಗಿದ್ರೂ ಸಾಕು, ಒಳಗಿನ ಮರಿ ಉಳಿಯಲ್ಲ" ಅಂದರು. ಕೆಂಚಣ್ಣ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಹನ್ನೊಂದು ಗ್ಯಾರೇಜು ತಿರುಗಿ, "ಹಳ್ಳಕ್ಕೆ ಬಿಡಬ್ಯಾಡ್ರಿ, ಡ್ರಮ್ಮಿಗೆ ತುಂಬ್ರಿ" ಎಂದು ಎಲ್ಲರ ಕೈಕಾಲು ಹಿಡಿದ. ಸಾಗಿಸಲು ಟೆಂಪೊ ಇಟ್ಟಿದ್ದ ಬಕ್ಕೇಶನನ್ನು ಕರೆತಂದ. ಬಕ್ಕೇಶ ಅವನ ಬಾಲ್ಯದ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವನು.

"ಹರಿಹರದಾಚೆ ಎಣ್ಣೆ ಶುದ್ಧ ಮಾಡೋರು ಅದಾರೆ. ವಾರಕ್ಕೊಮ್ಮೆ ನಾ ಒಯ್ತೀನಿ" ಎಂದ ಬಕ್ಕೇಶ. ನಾವು ನಂಬಿದ್ದು ಅವನನ್ನಲ್ಲ, ಕೆಂಚಣ್ಣನ ಮುಖವನ್ನು.

ಈ ಮಳೆಗಾಲ ಹದಿನಾಲ್ಕು ಗೂಡುಗಳಾದವು. ಕೆಂಚಣ್ಣ ಹಿಗ್ಗಿ ಬಂದವರಿಗೆಲ್ಲ ತೋರಿಸಿದ. ಮೊಟ್ಟೆ ಒಡೆಯುವ ದಿನ ಕಳೆದು ವಾರವಾದರೂ ಮರಿಗಳ ಸದ್ದಿಲ್ಲ. ಏಣಿ ಹಾಕಿ ನೋಡಿದರೆ ತಿಳಿನೀಲಿ ಮೊಟ್ಟೆಗಳ ಮೇಲೆಲ್ಲ ಕಪ್ಪು ಎಣ್ಣೆ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ನೋಡಲು ಹಳ್ಳದ ಗುಂಟ ಇಬ್ಬರೂ ಮೇಲಕ್ಕೆ ನಡೆದೆವು. ಅರ್ಧ ಕಿಲೋಮೀಟರಿನಾಚೆ ಸೇತುವೆಯ ಬಳಿ ಬಕ್ಕೇಶನ ಟೆಂಪೊ ನಿಂತಿತ್ತು. ನಡುಮಧ್ಯಾಹ್ನ, ರಾಜಾರೋಷವಾಗಿ ನಮ್ಮ ಡ್ರಮ್ಮುಗಳನ್ನು ಹಳ್ಳಕ್ಕೆ ಬೋರಲು ಹಾಕುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಹರಿಹರದಾಚೆ ಹೋಗಿ ಬರೋದ್ರಾಗ ದಿನಾನೇ ಹಾಳು" ಎಂದ ಬಕ್ಕೇಶ. ಮೊಟ್ಟೆಗಳ ಗತಿ ಹೇಳಿದರೆ, "ಹಕ್ಕಿ ಅಲ್ಲೇನೋ, ಮುಂದಿನ ವರ್ಷ ಮತ್ತೆ ಇಡ್ತಾವೆ ಬಿಡು" ಅಂದ.

"ಎಲ್ಲರ ಹೊಲಸು ಮೊದ್ಲು ಅಲ್ಲಿಷ್ಟು ಇಲ್ಲಿಷ್ಟು ಹರೀತಿತ್ತು. ಅದನ್ನೆಲ್ಲ ಕೂಡ್ಸಿ ನಿನ್ ಕೈಗೆ ಕೊಟ್ಟೋನು ನಾನು" ಎಂದ ಕೆಂಚಣ್ಣ. ಬೈಯಲಿಲ್ಲ. ಬೈದಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು.

ಬೆಳ್ಳಕ್ಕಿಗಳು ಇನ್ನೂ ಗಂಡು ಹೆಣ್ಣು ಸರದಿಯಲ್ಲಿ ಬಂದು ಆ ಮೊಟ್ಟೆಗಳಿಗೆ ಕಾವು ಕೊಡುತ್ತಿವೆ. ಕೆಂಚಣ್ಣ ಆ ಮರಗಳು ಕಾಣುವ ಗ್ಯಾರೇಜಿನ ಹಿಂದಿನ ಕಿಟಕಿಗೆ ತಗಡು ಹೊಡೆದಿದ್ದಾನೆ.